‘ಪ್ಯಾಸಿವ್ ಬಳಸಬಹುದಾ ಮೇಡಂ?’

ಬಳಸಬಹುದು. ಉತ್ತರ ಇಷ್ಟೇ. ಅವಸರದಲ್ಲಿರುವವರು ಇಲ್ಲಿಗೇ ನಿಲ್ಲಿಸಿ ತಮ್ಮ ಅಧ್ಯಾಯಕ್ಕೆ ವಾಪಸ್ ಹೋಗಬಹುದು.

ಸಂಶೋಧನಾ ಪ್ರಬಂಧಗಳ ಇಂಗ್ಲಿಷ್ ತಿದ್ದುವುದು ನನ್ನ ಕೆಲಸ. ವಾರಕ್ಕೊಮ್ಮೆಯಾದರೂ ಯಾರೋ ಒಬ್ಬರು ಇದನ್ನೇ ಕೇಳುತ್ತಾರೆ. ಒಬ್ಬರಂತೂ ಲಿಫ್ಟಿನಲ್ಲಿ ಹಿಡಿದು ಕೇಳಿದರು, ಮೂರು ಮಹಡಿ ಇಳಿಯುವಷ್ಟರಲ್ಲಿ ಉತ್ತರ ಬೇಕಿತ್ತು ಅವರಿಗೆ. ನನಗೆ ಸಿಟ್ಟು ಬರುವುದು ‘ಬಳಸಬಹುದಾ’ ಎಂಬ ಮಾತಿಗೆ. ಪ್ಯಾಸಿವ್ ವಾಯ್ಸ್, ಅಂದರೆ ಕರ್ಮಣಿ ಪ್ರಯೋಗ, ಕ್ರಿಯಾಪದದ ಒಂದು ರೂಪ. ಭೂತಕಾಲ ಬಳಸಬಹುದಾ ಎಂದು ಇವತ್ತಿನವರೆಗೆ ಯಾರೂ ನನ್ನನ್ನು ಕೇಳಿಲ್ಲ. ಪ್ಯಾಸಿವ್‌ಗೆ ಮಾತ್ರ ಪರವಾನಗಿ ಯಾಕೆ ಬೇಕು?

‘ಪ್ಯಾಸಿವ್ ಕೆಟ್ಟದ್ದು ಅಂತಾರಲ್ಲ?’ ಎನ್ನುವುದು ಇದೇ ಪ್ರಶ್ನೆಯ ಇನ್ನೊಂದು ಅವತಾರ. ಅಂದವರು ಯಾರು ಎಂದು ಹುಡುಕಿದರೆ ಸಿಗುತ್ತಾರೆ. ಇಂಗ್ಲಿಷ್ ಲೇಖಕ ಜಾರ್ಜ್ ಆರ್ವೆಲ್ 1946ರ ಒಂದು ಪ್ರಬಂಧದಲ್ಲಿ, ಆ್ಯಕ್ಟಿವ್ (ಕರ್ತರಿ ಪ್ರಯೋಗ) ಬಳಸಲು ಸಾಧ್ಯವಿರುವ ಕಡೆ ಪ್ಯಾಸಿವ್ ಬಳಸಲೇಬೇಡಿ ಎಂದು ಬರೆದರು. ಆ ಪ್ರಬಂಧದ ಮೊದಲ ವಾಕ್ಯದಲ್ಲೇ ‘ಇಟ್ ಈಸ್ ಜನರಲಿ ಅಸ್ಯೂಮ್ಡ್’ ಎಂದಿದೆ. ಅದು ಅಪ್ಪಟ ಪ್ಯಾಸಿವ್. ಇಂಗ್ಲಿಷ್ ಬರವಣಿಗೆ ಕುರಿತ ಸ್ಟ್ರಂಕ್ ಮತ್ತು ವೈಟ್ ಅವರ 1959ರ ಕೈಪಿಡಿ ಆ್ಯಕ್ಟಿವ್ ಬಳಸಿ ಎಂದು ಹೇಳಿ, ತಿದ್ದಿ ತೋರಿಸಲು ನಾಲ್ಕು ವಾಕ್ಯ ಕೊಡುತ್ತದೆ. ಅವುಗಳಲ್ಲಿ ನಿಜಕ್ಕೂ ಪ್ಯಾಸಿವ್ ಆಗಿರುವುದು ಒಂದೇ. ‘ದೇರ್ ವರ್’ ಕಂಡರೂ ಪ್ಯಾಸಿವ್, ‘ವಾಸ್’ ಕಂಡರೂ ಪ್ಯಾಸಿವ್ ಎಂದುಕೊಳ್ಳುವ ಅಭ್ಯಾಸ ಅಷ್ಟು ಹಳೆಯದು.

ಇದರ ಎದುರು ಪಕ್ಷದವರೂ ಇದ್ದಾರೆ. ವಿಜ್ಞಾನದಲ್ಲಿ ‘ಐ’, ‘ವಿ’ ಸುಳಿಯಲೇಬಾರದು ಎನ್ನುವವರು. ನ್ಯೂಟನ್ 1672ರಲ್ಲಿ ಬೆಳಕು, ಬಣ್ಣಗಳ ಬಗ್ಗೆ ಬರೆದ ಪತ್ರದಲ್ಲಿ ಪಟ್ಟಕ (ಪ್ರಿಸಂ) ತರಿಸಿಕೊಂಡಿದ್ದನ್ನು ‘ಐ’ ಎಂದೇ ಹೇಳುತ್ತಾನೆ. ಡಿಎನ್‌ಎ ರಚನೆ ಕುರಿತ ವಾಟ್ಸನ್ ಮತ್ತು ಕ್ರಿಕ್ ಅವರ 1953ರ ಲೇಖನ ಶುರುವಾಗುವುದೇ ‘ವಿ ವಿಶ್ ಟು ಸಜೆಸ್ಟ್’ ಎಂದು. ಎರಡೂ ಕಡೆಯವರ ವಾದ ಕೇಳಿ ಕೇಳಿ ನನಗೆ ಸಾಕಾಗಿದೆ.

ಹಿಂದೊಮ್ಮೆ ಒಬ್ಬ ವಿದ್ಯಾರ್ಥಿನಿ, ಪ್ರಯೋಗದ ವಿಧಾನ ವಿವರಿಸುವ ಅಧ್ಯಾಯ ಕಳಿಸಿದ್ದಳು. ಅವಳ ಗೈಡ್ ಪುಟಪುಟದಲ್ಲೂ ಕೆಂಪು ಶಾಯಿಯಲ್ಲಿ ‘ಪ್ಯಾಸಿವ್ ಬೇಡ’ ಎಂದು ಗೀಚಿದ್ದರಂತೆ. ಎರಡು ರಾತ್ರಿ ನಿದ್ದೆಗೆಟ್ಟು ಎಲ್ಲ ವಾಕ್ಯಗಳನ್ನೂ ತಿರುಗಿಸಿದ್ದಳು. ‘ಐ ಹೀಟೆಡ್ ದಿ ಸ್ಯಾಂಪಲ್ಸ್. ಐ ಕೂಲ್ಡ್ ದಿ ಸ್ಯಾಂಪಲ್ಸ್. ಐ ವೇಯ್ಡ್ ದಿ ಸ್ಯಾಂಪಲ್ಸ್.’ ಒಂದೇ ಪುಟದಲ್ಲಿ ಇಪ್ಪತ್ತೇಳು ‘ಐ’ ಎಣಿಸಿದೆ. ನಡುವೆ ಅವಳಿಗೂ ‘ಐ’ ಸಾಕಾಗಿರಬೇಕು, ‘ದಿ ಅವನ್ ಡ್ರೈಡ್ ದಿ ಸ್ಯಾಂಪಲ್ಸ್’ ಎಂದು ಅವನ್‌ಗೇ ಕೆಲಸ ಒಪ್ಪಿಸಿಬಿಟ್ಟಿದ್ದಳು. ಹಳೆಯ ಪ್ರತಿಯಲ್ಲಿ ಇದ್ದದ್ದು ‘ದಿ ಸ್ಯಾಂಪಲ್ಸ್ ವರ್ ಹೀಟೆಡ್, ಕೂಲ್ಡ್ ಅಂಡ್ ವೇಯ್ಡ್’. ಒಂದೇ ‘ವರ್’, ಮೂರು ಕೆಲಸ, ಕಣ್ಣು ಸ್ಯಾಂಪಲ್ ಮೇಲೆಯೇ. ಅದನ್ನು ಹಾಳು ಮಾಡಲು ಆ ಹುಡುಗಿ ಎರಡು ರಾತ್ರಿ ಎದ್ದಿದ್ದಳಲ್ಲ ಎಂದು ಹೊಟ್ಟೆ ಉರಿದುಹೋಯಿತು.

ಅವಳಿಗೆ ಹೇಳಿದ್ದನ್ನೇ ಇಲ್ಲೂ ಹೇಳುತ್ತೇನೆ, ಶಾಲೆಯಲ್ಲಿ ಇದನ್ನು ಯಾರೂ ಹೇಳಿಕೊಡುವುದಿಲ್ಲ. ಕನ್ನಡದಲ್ಲಿ ನಾವು ‘ಸ್ಯಾಂಪಲ್‌ಗಳನ್ನು ಕಾಯಿಸಿ, ಆರಿಸಿ, ತೂಗಿದೆವು’ ಎನ್ನುತ್ತೇವೆ. ಯಾವುದರ ಬಗ್ಗೆ ಮಾತೋ ಅದನ್ನು ಮುಂದೆ ತಂದು ಕೂರಿಸುತ್ತೇವೆ. ‘ನಾವು’ ಎಂಬುದನ್ನು ಹೇಳುವುದೂ ಇಲ್ಲ. ಸ್ಯಾಂಪಲ್‌ಗೆ ‘ಅನ್ನು’ ಅಂಟಿಕೊಂಡಿರುವುದರಿಂದ ಅದು ವಾಕ್ಯದ ಯಾವ ಮೂಲೆಯಲ್ಲಿದ್ದರೂ ಕರ್ಮವೇ, ಗೊಂದಲವಿಲ್ಲ. ಇಂಗ್ಲಿಷ್ ನಾಮಪದಕ್ಕೆ ಆ ‘ಅನ್ನು’ ಇಲ್ಲ. ಅಲ್ಲಿ ಕ್ರಿಯಾಪದಕ್ಕಿಂತ ಮೊದಲು ಕೂತದ್ದು ಕರ್ತೃ. ಹಾಗಾಗಿ ಕರ್ಮವನ್ನು ಮುಂದೆ ತರಬೇಕೆಂದರೆ ಕ್ರಿಯಾಪದದ ರೂಪವನ್ನೇ ಬದಲಿಸಬೇಕು. ಪ್ಯಾಸಿವ್ ಹುಟ್ಟುವುದು ಆ ಜಾಗದಲ್ಲಿ. ಹಿಂದಿನ ವಾಕ್ಯ ಸ್ಯಾಂಪಲ್ ಬಗ್ಗೆ ಮುಗಿದಿದ್ದರೆ ಮುಂದಿನದು ಸ್ಯಾಂಪಲ್‌ನಿಂದ ಶುರುವಾಗಲಿ, ಓದುವವರಿಗೆ ದಾರಿ ತಪ್ಪುವುದಿಲ್ಲ.

ನಮಗೆ ಕಲಿಸಿದ್ದು ಮಾತ್ರ ‘ರಾಮನಿಂದ ರಾವಣನು ಕೊಲ್ಲಲ್ಪಟ್ಟನು’. ಆ ‘ಲ್ಪಟ್ಟ’ ಬಾಯಿಗೆ ಬಾರದ ರೂಪ. ಅದನ್ನು ನೋಡಿ ಇಂಗ್ಲಿಷ್ ಪ್ಯಾಸಿವ್ ಕೂಡ ಹಾಗೇ ಕೃತಕ ಎಂದುಕೊಂಡೆವು. ‘ಬಾಗಿಲಿಗೆ ಬೀಗ ಹಾಕಿದೆ’ ಎಂಬ ವಾಕ್ಯವನ್ನು ಯಾರಾದರೂ ತೋರಿಸಬೇಕಿತ್ತು. ಹಾಕಿದ್ದು ಯಾರು ಎಂದು ಅದು ಹೇಳುವುದಿಲ್ಲ, ಬಾಗಿಲು ತಟ್ಟಲು ಬಂದವರಿಗೆ ಅದು ಬೇಕಾಗಿಯೂ ಇಲ್ಲ. ಶಾಲೆಯಲ್ಲಿ ವಾಯ್ಸ್ ಬದಲಿಸುವ ಅಭ್ಯಾಸಗಳಿಂದಲೇ ‘ಬೈ’ ಕೂಡ ಅಂಟಿಕೊಂಡಿತು. ‘ದಿ ಸರ್ವೇ ವಾಸ್ ಕಂಡಕ್ಟೆಡ್ ಬೈ ದಿ ರಿಸರ್ಚರ್’ ಎಂದು ಬರೆಯುತ್ತಾರೆ. ನಿಮ್ಮ ಥೀಸಿಸ್‌ನಲ್ಲಿ ಸರ್ವೇ ಮಾಡಿದ್ದು ನೀವಲ್ಲದೆ ಇನ್ಯಾರು? ತೆಗೆಯಿರಿ.

‘ವಾಸ್ ಹ್ಯಾಪನ್ಡ್’, ‘ಈಸ್ ಕನ್ಸಿಸ್ಟೆಡ್ ಆಫ್’ ಇವು ಯಾವ ಕಾರಣಕ್ಕೂ ಬೇಡ. ಅಕರ್ಮಕ ಧಾತುಗಳವು, ಮುಂದೆ ತರಲು ಕರ್ಮವೇ ಇಲ್ಲ. ‘ಹ್ಯಾವಿಂಗ್ ಫಿನಿಶ್ಡ್ ದಿ ಇಂಟರ್‌ವ್ಯೂಸ್, ದಿ ರೆಕಾರ್ಡಿಂಗ್ಸ್ ವರ್ ಟೈಪ್ಡ್’ ಎಂಬ ಬಗೆಯದ್ದೂ ಬೇಡ, ಸಂದರ್ಶನ ಮುಗಿಸಿದ್ದು ರೆಕಾರ್ಡಿಂಗ್‌ಗಳೇ ಎಂದಾಗುತ್ತದೆ.

ಆ ಹುಡುಗಿಯ ಅಧ್ಯಾಯಕ್ಕೆ ಬರುತ್ತೇನೆ. ಅಷ್ಟೆಲ್ಲ ತಿರುಗಿಸಿದ ಮೇಲೂ ಒಂದೇ ಒಂದು ವಾಕ್ಯ ಪ್ಯಾಸಿವ್ ಆಗಿಯೇ ಉಳಿದಿತ್ತು. ‘ತ್ರೀ ರೀಡಿಂಗ್ಸ್ ವರ್ ಎಕ್ಸ್‌ಕ್ಲೂಡೆಡ್.’

“ಇದೊಂದನ್ನ ಯಾಕೆ ಹಾಗೇ ಬಿಟ್ಟೆ?”

“ಅದು ಹಾಗಿದ್ರೇ ಚೆನ್ನಾಗಿದೆ ಅನ್ನಿಸ್ತು ಮೇಡಂ.”

“ಮೂರು ರೀಡಿಂಗ್ ಕೈಬಿಟ್ಟಿದ್ದು ಯಾರಮ್ಮ?”

ಅವಳು ಮಾತಾಡಲಿಲ್ಲ.

ನನ್ನನ್ನು ಯಾರೂ ಕೇಳದ, ಆದರೆ ಕೇಳಲಿ ಎಂದು ನಾನು ಕಾಯುವ ಪ್ರಶ್ನೆ ಇದೇ: ‘ಈ ವಾಕ್ಯದಲ್ಲಿ ಮಾಡಿದವರು ಯಾರು ಅಂತ ಓದುವವರಿಗೆ ಗೊತ್ತಾಗಬೇಕಾ?’ ಸ್ಯಾಂಪಲ್ ಕಾಯಿಸಿದ್ದು ಯಾರಾದರೇನು, ಇನ್ನೊಬ್ಬರು ಕಾಯಿಸಿದರೂ ಅದೇ ಫಲಿತಾಂಶ ಬರಬೇಕು. ಅಂಕಿ ಕೈಬಿಡುವುದು ಹಾಗಲ್ಲ. ಅದು ಒಬ್ಬರ ತೀರ್ಮಾನ, ಇನ್ನೊಬ್ಬರು ಬಿಡದೆಯೂ ಇರಬಹುದಿತ್ತು. 1876ರಲ್ಲಿ ಅಮೆರಿಕದ ಅಧ್ಯಕ್ಷ ಗ್ರಾಂಟ್ ‘ಮಿಸ್ಟೇಕ್ಸ್ ಹ್ಯಾವ್ ಬೀನ್ ಮೇಡ್’ ಎಂದರು, 1987ರಲ್ಲಿ ರೇಗನ್ ‘ಸೀರಿಯಸ್ ಮಿಸ್ಟೇಕ್ಸ್ ವರ್ ಮೇಡ್’ ಎಂದರು. ತಪ್ಪುಗಳಾದವು, ಮಾಡಿದವರ ಸುದ್ದಿಯಿಲ್ಲ. ಥೀಸಿಸ್‌ಗಳಲ್ಲಿ ಇದರ ತಮ್ಮಂದಿರು ಬೇಕಾದಷ್ಟಿದ್ದಾರೆ. ‘ಇಟ್ ಹ್ಯಾಸ್ ಬೀನ್ ಆರ್ಗ್ಯೂಡ್’ ಎಂದು ಬರೆದು ಪಕ್ಕದಲ್ಲಿ ಯಾರ ಹೆಸರೂ ಇಲ್ಲದಿದ್ದರೆ ನಾನು ಪೆನ್ಸಿಲ್ ಎತ್ತಿಕೊಳ್ಳುತ್ತೇನೆ. ನಾನು ತಕರಾರು ತೆಗೆಯುವುದು ಅಡಗಿಸಿದ್ದಕ್ಕೆ. ಪ್ಯಾಸಿವ್ ಮೇಲೆ ನನಗೆ ಯಾವ ಹಗೆಯೂ ಇಲ್ಲ.

ಕೊನೆಗೆ ಅವಳು ಹೇಳಿದಳು. ಎರಡು ರೀಡಿಂಗ್ ತೆಗೆದುಕೊಂಡಾಗ ತೂಕದ ಬ್ಯಾಲೆನ್ಸ್ ಸೊನ್ನೆಯಲ್ಲಿರಲಿಲ್ಲ. ಮೂರನೆಯದು?

“ಅದು ಗ್ರಾಫಿನ ಗೆರೆಗೆ ಕೂರ್ತಾ ಇರಲಿಲ್ಲ ಮೇಡಂ.”

ಮೂರನೆಯದು ಟೇಬಲ್‌ಗೆ ವಾಪಸ್ ಬಂತು, ಗೈಡ್ ಜೊತೆ ಕೂತು ಅವಳೇ ಸೇರಿಸಿದಳು. ‘ಐ’ಗಳು ಹೋದವು. ಆದರೆ ಒಂದು ಕಡೆ ಹೊಸದಾಗಿ ಬಂತು: ‘ಐ ಎಕ್ಸ್‌ಕ್ಲೂಡೆಡ್ ಟೂ ರೀಡಿಂಗ್ಸ್ ಬಿಕಾಸ್ ದಿ ಬ್ಯಾಲೆನ್ಸ್ ಹ್ಯಾಡ್ ನಾಟ್ ಬೀನ್ ಸೆಟ್ ಟು ಝೀರೋ.’

ಅವತ್ತು ರಾತ್ರಿ ಫೋನ್ ಮಾಡಿದಳು. “ಮೇಡಂ, ‘ಹ್ಯಾಡ್ ನಾಟ್ ಬೀನ್ ಸೆಟ್’ ಕೂಡ ಪ್ಯಾಸಿವ್ ಅಲ್ವಾ? ಸೊನ್ನೆಗೆ ತರೋಕೆ ಮರೆತಿದ್ದು ನಾನೇ. ಅದೂ ಗೊತ್ತಾಗಬೇಕಾ?”

“ಬೇಡಮ್ಮ,” ಎಂದೆ. “ಆ ಎರಡು ತೂಕ ನಂಬೋ ಹಾಗಿಲ್ಲ ಅಂತ ಗೊತ್ತಾದ್ರೆ ಸಾಕು. ಅದು ಹಾಗೇ ಇರಲಿ.”