ಗುಳೆ ಹೋದವ್ರು ಯಾವ ಲೆಕ್ಕಕ್ಕೆ?

2025ರಲ್ಲಿ ಟುವಾಲು ಸುದ್ದಿ ಬಂದಿತ್ತಲ್ಲ, ಸಮುದ್ರ ಏರ್ತಿದೆ ಅಂತ ಆ ಪುಟ್ಟ ದ್ವೀಪದೇಶದವ್ರಿಗೆ ಆಸ್ಟ್ರೇಲಿಯಾ ವರ್ಷಕ್ಕೆ 280 ವೀಸಾ ಲಾಟರಿ ಎತ್ತಿ ಕೊಡುತ್ತೆ ಅಂತ. ಅಯ್ಯೋ ಪಾಪ ಅಂತ ನಾನೂ ನಾಲ್ಕು ಗ್ರೂಪಿಗೆ ಫಾರ್ವರ್ಡ್ ಮಾಡ್ದೆ. ಆಮೇಲೆ ಹೊಳೀತು, ಬೆಂಗಳೂರಲ್ಲಿ ನಮ್ ಮನೆ ಎದುರು ಅಪಾರ್ಟ್‌ಮೆಂಟ್ ಕಟ್ಟುವಾಗ ತಗಡಿನ ಶೆಡ್ಡಲ್ಲಿ ಇದ್ದವ್ರು ಯಾರು ಮತ್ತೆ?

ಅವ್ರು ದೇವದುರ್ಗದ ಕಡೆಯವ್ರು. ನಾನೂ ರಾಯಚೂರು ಜಿಲ್ಲೆಯವ್ನೇ ಆದ್ರಿಂದ ಮಾತು ಕೇಳಿದ್ ತಕ್ಷಣ ಗೊತ್ತಾಯ್ತು. 2023ರ ಬರದಲ್ಲಿ ಬಂದಿದ್ರು, ಆ ವರ್ಷ ರಾಜ್ಯದ 236 ತಾಲ್ಲೂಕಲ್ಲಿ 223 ಬರಪೀಡಿತ ಅಂತ ಸರ್ಕಾರವೇ ಘೋಷಿಸಿತ್ತು. ಆಗಸ್ಟ್ ಅಂತೂ 1901ರಿಂದೀಚೆಗೆ ದೇಶದಲ್ಲೇ ಅತಿ ಕಡಿಮೆ ಮಳೆಯಾದ ಆಗಸ್ಟ್. ಹಾಗಂತ ಎಲ್ಲಾನೂ ಹವಾಮಾನ ಬದಲಾವಣೆ ತಲೆಗೆ ಕಟ್ಟೋಕಾಗಲ್ಲ, ನಮ್ ಕಡೆ ಬರ ಹೊಸದೇನಲ್ಲ, ಕೂಲಿ ಹುಡುಕ್ಕೊಂಡು ಊರು ಬಿಡೋದಕ್ಕೆ ಗುಳೆ ಅನ್ನೋ ಪದಾನೂ ನಮ್ಮಜ್ಜನ ಕಾಲದ್ದೇ. ಆದ್ರೆ ಒಂದ್ ವರ್ಷ ಬರ, ಇನ್ನೊಂದ್ ವರ್ಷ ಕೃಷ್ಣಾ ಹೊಳೆ ಊರೊಳಗೆ, ಹಿಂಗಾದ್ರೆ ಸಾಲ ತೀರಿಸಿ ಉಸಿರಾಡೋಕೆ ಮಧ್ಯದಲ್ಲಿ ಒಂದು ಒಳ್ಳೆ ಬೆಳೆನಾದ್ರೂ ಬೇಕಲ್ವಾ?

ಬರ ಪರಿಹಾರ ಬಂತಾ ಅಂತ ಆ ಶೆಡ್ಡಲ್ಲಿದ್ದ ಒಬ್ಬ ಅಕ್ಕನ್ನ ಕೇಳಿದ್ದೆ. "ಹೊಲ ಇದ್ದವ್ರಿಗೆ ಬಂತ್ರಿ ಅಣ್ಣಾ, ನಮಗೆಲ್ಲಿ ಹೊಲ ಐತಿ" ಅಂದ್ಲು. ನಿಜಾನೇ, ಮೊದಲ ಕಂತು 2000 ರೂಪಾಯಿವರೆಗೆ ಹೋಗಿದ್ದು ಸರ್ಕಾರದ ರೈತರ ನೋಂದಣಿ ಪಟ್ಟಿ ಫ್ರೂಟ್ಸ್‌ನಲ್ಲಿ ಹೆಸರಿದ್ದ ರೈತರ ಖಾತೆಗೆ. ಬೆಳೆ ಹೋಯ್ತು ಅಂತ ಪಹಣಿ ಹೇಳುತ್ತೆ, ಕೂಲಿ ಹೋಯ್ತು ಅಂತ ಹೇಳೋ ಕಾಗದ ಯಾವ್ದು?

ಕಾನೂನಿನ ಕಥೆ ಇನ್ನೂ ಮಜಾ. 1979ರಲ್ಲಿ ವಲಸೆ ಕಾರ್ಮಿಕರಿಗೆ ಅಂತಾನೇ ಒಂದು ಕಾಯ್ದೆ ಮಾಡಿದ್ರು, ಹೋಗಿ ಬರೋ ಖರ್ಚು, ಉಳ್ಕೊಳ್ಳೋಕೆ ಜಾಗ, ವೈದ್ಯಕೀಯ ಸೌಲಭ್ಯ ಎಲ್ಲಾ ಅದರಲ್ಲಿತ್ತು. ಆದ್ರೆ ಅದು ಗುತ್ತಿಗೆದಾರ ಒಂದು ರಾಜ್ಯದಿಂದ ಇನ್ನೊಂದು ರಾಜ್ಯಕ್ಕೆ ಕರ್ಕೊಂಡು ಹೋದವ್ರಿಗೆ ಮಾತ್ರ ಇತ್ತು. ಅಂದ್ರೆ ಆ ಕಾಯ್ದೆ ಲೆಕ್ಕದಲ್ಲಿ ನಮ್ ಜಿಲ್ಲೆಯವ್ನು ಮೇಸ್ತ್ರಿ ಹಿಂದೆ ಗಡಿ ದಾಟಿ ಪಕ್ಕದ ತೆಲಂಗಾಣಕ್ಕೆ ಹೋದ್ರೆ ವಲಸೆ ಕಾರ್ಮಿಕ, ಅದೇ ಮೇಸ್ತ್ರಿ ಜೊತೆ ರಾತ್ರಿಯೆಲ್ಲಾ ಬಸ್ಸಲ್ಲಿ ಕೂತು 400 ಕಿಲೋಮೀಟರ್ ದೂರ ಬೆಂಗಳೂರಿಗೆ ಬಂದಿಳಿದ್ರೆ ಅಲ್ಲ! ಟುವಾಲುನವ್ರಿಗೆ ಕನಿಷ್ಠ ಎರಡು ದೇಶ ಕೂತು ಮಾತಾಡಿ ಒಪ್ಪಂದ ಮಾಡ್ಕೊಂಡ್ವು. ರಾಯಚೂರಿಂದ ಬಂದವ್ರ ಪರವಾಗಿ ಯಾರು ಯಾರ ಜೊತೆ ಮಾತಾಡ್ಬೇಕು, ಎರಡೂ ಕಡೆ ಒಂದೇ ಸರ್ಕಾರ.

ಪ್ರವಾಹ ಬಂದ್ರೆ ಹೆಲಿಕಾಪ್ಟರ್ ಬರುತ್ತೆ, ಟಿವಿ ಬರುತ್ತೆ, ಮನೆ ಬಿದ್ದವ್ರ ಪಟ್ಟಿ ಆಗುತ್ತೆ. ಬರದಲ್ಲಿ ಊರು ಬಿಟ್ಟವ್ರು ಮನೆಗೆ ಬೀಗ ಹಾಕಿ, ರೇಷನ್ ಕಾರ್ಡನ್ನ ಅತ್ತೆ ಕೈಗೆ ಕೊಟ್ಟು ಸುಮ್ನೆ ಬಸ್ ಹತ್ತುತ್ತಾರೆ. ಗ್ರಾಮ ಪಂಚಾಯ್ತಿಲಿ ಒಂದು ರಿಜಿಸ್ಟರ್ ಇಟ್ಟು ಯಾರು, ಎಲ್ಲಿಗೆ, ಮಕ್ಕಳು ಎಷ್ಟನೇ ಕ್ಲಾಸು ಅಂತ ಬರ್ಕೊಂಡ್ರೆ, ಇಲ್ಲಿ ಹತ್ರದ ಶಾಲೆಯವ್ರು ಆ ಮಕ್ಕಳನ್ನ ಹುಡುಕ್ಕೊಂಡು ಬರಬಹುದಿತ್ತು. ಆ ಅಕ್ಕನ ಮಗಳು ದಿನಾ ತಮ್ಮನ್ನ ಸೊಂಟದ ಮೇಲೆ ಕೂರಿಸ್ಕೊಂಡು ಮರಳು ರಾಶಿ ಹತ್ರ ನಿಂತಿರ್ತಿದ್ಲು.

2024ರಲ್ಲಿ ಮಳೆ ಶುರುವಾಗಿದ್ದೇ ತಡ, ಬಿತ್ತನೆ ಕೂಲಿ ಸಿಗುತ್ತೆ ಅಂತ ಅವ್ರು ಊರಿಗೆ ಹೊರಟ್ರು. ವಾರದೊಳಗೆ ಆ ಶೆಡ್ಡಿಗೆ ಬೇರೆಯವ್ರು ಬಂದ್ರು, ಲಿಂಗಸುಗೂರು ಕಡೆಯವ್ರಂತೆ.