ಮಕಾವ್‌ನ ಎರಡು ಹಬ್ಬ: ಮೊದಲ ಮೂರು ದಿನ ಬಿಟ್ಟು ಹೋಗಿ

ಚೀನೀ ಹೊಸ ವರ್ಷ ನೋಡಲೆಂದು, ಹಿಂದೆ ಪೋರ್ಚುಗೀಸರ ಆಳ್ವಿಕೆಯಲ್ಲಿದ್ದ ಚೀನಾದ ಮಕಾವ್‌ಗೆ ಹೋಗುವವರು ಹಬ್ಬದ ಹಿಂದಿನ ದಿನವೇ ಹೋಗಿ ಇಳಿಯುತ್ತಾರೆ. ತಪ್ಪಾಗುವುದೇ ಅಲ್ಲಿ. ಚೀನಾದ ಒಳನಾಡಿಗೂ ಅದೇ ವಾರ ರಜೆ. ಸೆನಾಡೊ ಚೌಕದಿಂದ ಸಂತ ಪಾವ್ಲರ ಇಗರ್ಜಿಯ ಪಾಳುಗೋಡೆಗೆ ಹೋಗುವ ಹತ್ತು ನಿಮಿಷದ ದಾರಿಯಲ್ಲಿ ಹೆಗಲಿಗೆ ಹೆಗಲು ತಾಗುವ ಜನ. ಪೊಲೀಸರು ಗಲ್ಲಿಗಳನ್ನು ಒಮ್ಮುಖ ಮಾಡಿಬಿಡುತ್ತಾರೆ. ರೂಮಿನ ಬಾಡಿಗೆ ಎರಡು-ಮೂರು ಪಟ್ಟು. ಮನೆಮಂದಿ ನಡೆಸುವ ಸಣ್ಣ ಹೋಟೆಲುಗಳ ಬಾಗಿಲಿಗೆ ಬೀಗ, ಬೀಗದ ಮೇಲೊಂದು ಕೆಂಪು ಚೀಟಿ. ಮತ್ತೆ ತೆರೆಯುವ ದಿನವನ್ನು ಅದರಲ್ಲಿ ಇಂಗ್ಲಿಷ್ ತಾರೀಖಿನಲ್ಲಿ ಬರೆಯದೆ ಐದನೆಯದು, ಎಂಟನೆಯದು ಎಂದು ತಿಥಿಯ ಲೆಕ್ಕದಲ್ಲಿ ಬರೆಯುವುದೇ ಹೆಚ್ಚು, ನಮ್ಮ ಪಂಚಮಿ, ಅಷ್ಟಮಿಯ ಹಾಗೆ.

ಮೊದಲ ದಿನದ 238 ಮೀಟರ್ ಉದ್ದದ ಚಿನ್ನದ ಬಣ್ಣದ ಡ್ರ್ಯಾಗನ್ ನೋಡಲೇಬೇಕೆಂದಿದ್ದರೆ ಸರಿ. ಇಲ್ಲವಾದರೆ ಎರಡನೆಯ ವಾರಾಂತ್ಯಕ್ಕೆ ಹೋಗಿ. 2027ರಲ್ಲಿ ಹೊಸ ವರ್ಷ ಫೆಬ್ರವರಿ 6; ಈಸ್ಟರ್‌ಗೆ ಮುಂಚಿನ ಕ್ರೈಸ್ತರ ತಪಸ್ಸುಕಾಲ ಶುರುವಾಗುವ ಬೂದಿ ಬುಧವಾರ 10. ತಪಸ್ಸುಕಾಲದ ಮೊದಲ ಶನಿವಾರ ಮತ್ತು ಭಾನುವಾರ, ಅಂದರೆ 13 ಮತ್ತು 14ರಂದು, ಎರಡನೆಯ ಹಬ್ಬವಾದ ಕ್ರೈಸ್ತರ ಪಾಸೋಸ್ ಮೆರವಣಿಗೆ. ಹದಿನೈದನೆಯ ದಿನದ ದೀಪದ ಹಬ್ಬ 20ಕ್ಕೆ ಇರುವುದರಿಂದ ಕೆಂಪು ಲಾಂದ್ರಗಳೂ ಬಾಗಿಲ ಪಕ್ಕದ ಪುಟ್ಟ ಕಿತ್ತಳೆ ಗಿಡಗಳೂ ಆಗಲೂ ಇರುತ್ತವೆ. 2028ರಲ್ಲಿ ಈ ಎರಡರ ನಡುವೆ ತಿಂಗಳಿಗೂ ಹೆಚ್ಚು ಅಂತರ. ಮತ್ತೆ ಜೊತೆಗೂಡುವುದು 2029ರಲ್ಲಿ.

ಶನಿವಾರ ಸಂಜೆ ಪೂಜೆ ಮುಗಿದ ಮೇಲೆ, ಶಿಲುಬೆ ಹೊತ್ತ ಯೇಸುವಿನ ಪ್ರತಿಮೆಯನ್ನು ನೇರಳೆ ನಿಲುವಂಗಿಯವರು ಸಂತ ಅಗಸ್ಟೀನರ ಇಗರ್ಜಿಯಿಂದ ಇಳಿಜಾರಿನಲ್ಲಿ ಸೆನಾಡೊ ಚೌಕಕ್ಕೆ ತಂದು, ಅಲ್ಲಿಂದ ಪ್ರಧಾನ ಇಗರ್ಜಿಯಾದ ಕಥೆಡ್ರಲ್‌ಗೆ ಒಯ್ಯುತ್ತಾರೆ. ದೂರ ಕಡಿಮೆ, ಬೇಗ ಮುಗಿಯುತ್ತದೆ. ಒಂದೇ ದಿನ ಬಿಡುವಿದ್ದರೆ ಭಾನುವಾರವನ್ನು ಇಟ್ಟುಕೊಳ್ಳಿ. ಮಧ್ಯಾಹ್ನದ ನಂತರ ಪ್ರತಿಮೆ ಸುತ್ತುಬಳಸಿ ವಾಪಸಾಗುತ್ತದೆ. ದಾರಿಯ ನಿಲುಗಡೆಗಳಲ್ಲಿ, ಶಿಲುಬೆ ಹೊತ್ತ ಯೇಸುವಿನ ಮುಖ ಒರೆಸಿದಳೆನ್ನುವ ವೆರೋನಿಕಾಳ ವೇಷದ ಹೆಣ್ಣುಮಗಳು ಎತ್ತರದಲ್ಲಿ ನಿಂತು ಹಾಡುತ್ತ, ಯೇಸುವಿನ ಮುಖದ ಅಚ್ಚಿರುವ ಬಟ್ಟೆಯ ಸುರುಳಿಯನ್ನು ಮೆಲ್ಲಗೆ ಬಿಚ್ಚುತ್ತಾಳೆ. ಆ ಹೊತ್ತಿಗೆ ವಾದ್ಯವೂ ನಿಂತಿರುತ್ತದೆ, ಜನರೂ ಗಪ್‌ಚಿಪ್. ಮೆರವಣಿಗೆಯ ಹಿಂದೆ ಹೋದರೆ ಕಾಣುವುದು ಬರೀ ಬೆನ್ನುಗಳು. ಮುಂಚೆಯೇ ಕಥೆಡ್ರಲ್ ಎದುರು ನಿಂತುಕೊಳ್ಳಿ. ಟಿಕೆಟ್ ಇಲ್ಲ. ಕಲ್ಲು ಹಾಸಿದ ಇಳಿಜಾರು ಮಳೆ ಬಿದ್ದರೆ ಜಾರುತ್ತದೆ, ಚಪ್ಪಲಿ ಬೇಡ.

ಚೀನೀ ಕ್ರೈಸ್ತರ ಮನೆಯಲ್ಲಿ ಪೂರ್ವಜರ ಪಟದ ಮುಂದೆ ಊದುಬತ್ತಿ ಕಂಡರೆ ಬೆರಗಾಗಬೇಡಿ. ಶತಮಾನಗಳ ಜಗಳದ ನಂತರ 1939ರಲ್ಲಿ ರೋಮ್ ಅದಕ್ಕೆ ಒಪ್ಪಿತು. ಈ ಆಚರಣೆಯನ್ನು ನಿಲ್ಲಿಸಲು ಬಂದಿದ್ದ ಪೋಪರ ದೂತ ಟೂರ್ನೋನ್ 1710ರಲ್ಲಿ ತೀರಿಕೊಂಡದ್ದು ಇದೇ ಮಕಾವ್‌ನಲ್ಲಿ, ಕಾವಲಿನಲ್ಲಿದ್ದಾಗ.

ಇನ್ನು ದುಡ್ಡು. ಅಂಗಡಿಗಳು ಹಾಂಗ್‌ಕಾಂಗ್ ಡಾಲರನ್ನು ಮಕಾವ್‌ನ ನಾಣ್ಯವಾದ ಪಟಾಕಾಗೆ ಸಮ ಎಂದು ತೆಗೆದುಕೊಳ್ಳುತ್ತವೆ. ನಿಜವಾದ ದರ 1.03, ಅಂದರೆ ಪ್ರತಿ ನೂರಕ್ಕೆ ಮೂರು ಹೋಯಿತು. ಚಿಲ್ಲರೆಯನ್ನು ಹೆಚ್ಚಾಗಿ ಪಟಾಕಾದಲ್ಲೇ ಕೊಡುತ್ತಾರೆ, ಅದು ಹಾಂಗ್‌ಕಾಂಗ್‌ನಲ್ಲಿ ನಡೆಯುವುದಿಲ್ಲ. ಹೊರಡುವ ಮುಂಚೆ ಖರ್ಚು ಮಾಡಿ ಮುಗಿಸಿ. ಸಿಟಿ ಬಸ್ಸಿಗೆ 6 ಪಟಾಕಾ, ಡಬ್ಬಿಗೆ ಹಾಕಿದ್ದು ಹೋಯಿತು, ಚಿಲ್ಲರೆ ವಾಪಸ್ ಇಲ್ಲ.

ಸಸ್ಯಾಹಾರಿಗಳನ್ನು ಮೋಸಗೊಳಿಸುವುದು ಹಬ್ಬದ 'ಲೋ ಬಾಕ್ ಗೋ'. ಮೂಲಂಗಿ ತುರಿ, ಅಕ್ಕಿಹಿಟ್ಟು ಸೇರಿಸಿ ಹಬೆಯಲ್ಲಿ ಬೇಯಿಸಿ, ಹೋಳು ಮಾಡಿ ಕಾವಲಿಯಲ್ಲಿ ಹುರಿದದ್ದು. ನೋಡಲು ನಮ್ಮದೇ ತಿಂಡಿಯಂತಿದ್ದರೂ ಒಳಗೆ ಹಂದಿ ಸಾಸೇಜೂ ಒಣಸಿಗಡಿಯೂ ಇರುತ್ತವೆ. 'ನಿನ್ ಗೋ' ಜಿಗುಟು ಅಕ್ಕಿಯ ಹಿಟ್ಟು, ಕಂದು ಸಕ್ಕರೆಯದು, ಹೆಚ್ಚುಕಮ್ಮಿ ಹಾಲುಬಾಯಿಯೇ; ಮೊಟ್ಟೆಯಲ್ಲಿ ಅದ್ದಿ ಕರಿದದ್ದು ಬೇಡವಾದರೆ ಮೊದಲೇ ಹೇಳಿ. 'ಲೋ ಹೋನ್ ಜಾಯ್' ಮೂಲದಲ್ಲಿ ಸಸ್ಯಾಹಾರ: ಅಣಬೆ, ತೋಫು, ಹೆಸರಿನ ಶ್ಯಾವಿಗೆ. ಮೊದಲ ದಿನ ಅದನ್ನೇ ತಿನ್ನುವ ಮನೆಗಳು ಬೇಕಾದಷ್ಟಿವೆ.

ಹೊಟ್ಟೆಗೆ, ಜೇಬಿಗೆ ಎರಡಕ್ಕೂ ಹಿತವಾದದ್ದು ಗಲ್ಲಿಗಳ ಗಂಜಿ ಅಂಗಡಿ. ನಾಲ್ಕೈದು ಮೇಜು, ಎದುರಿಗೆ ಕೂತವರು ಅಪರಿಚಿತರು, ಅದೇ ರೂಢಿ. ಅಕ್ಕಿ ಪೂರ್ತಿ ಕರಗುವವರೆಗೆ ಕುದಿಸಿದ ಬಿಳಿ ಗಂಜಿ, ಅದ್ದಿಕೊಳ್ಳಲು ಕರಿದ ಹಿಟ್ಟಿನ ಕೋಲು, ಪಕ್ಕದಲ್ಲಿ ಅಕ್ಕಿಹಿಟ್ಟಿನ ಸುರುಳಿಗೆ ಎಳ್ಳು, ಸಿಹಿ ಸಾಸು, ಕಡಲೆಕಾಯಿ ಸಾಸು. ಸುರುಳಿ ಕೇಳುವಾಗ 'ಜಾಯ್' ಅನ್ನಿ, ಒಳಗೆ ಏನೂ ತುಂಬದ್ದು ಕೊಡುತ್ತಾರೆ. ಗಂಜಿಯಲ್ಲಿ ಒಣಮೀನು ಹಾಕಿದ್ದಾರೋ ಎಂದು ಮಾತ್ರ ಕೇಳಿಕೊಳ್ಳಿ. ಇಂಗ್ಲಿಷ್ ಮೆನುವಿನಲ್ಲಿ ಇದು 'ಕಾಂಜಿ'. ಪೋರ್ಚುಗೀಸರ ಬಾಯಲ್ಲಿ ದಾಟಿಹೋದ ನಮ್ಮ ಗಂಜಿಯೇ.

ಹಾಂಗ್‌ಕಾಂಗ್ ಮೂಲಕ ಹೋಗುವ ಭಾರತೀಯರು ಹಾಂಗ್‌ಕಾಂಗ್ ಪ್ರವೇಶದ ಆನ್‌ಲೈನ್ ಪೂರ್ವ ನೋಂದಣಿಯ ಚೀಟಿಯನ್ನು ಮುದ್ರಿಸಿ ಇಟ್ಟುಕೊಳ್ಳಿ. ಮಕಾವ್‌ನಿಂದ ಹಾಂಗ್‌ಕಾಂಗ್‌ಗೆ ಹಿಂದಿರುಗುವಾಗ ಅದನ್ನೇ ಮತ್ತೆ ತೋರಿಸಬೇಕು.