ಕಾನ್ ಪ್ರಶಸ್ತಿ ಅಂದರೆ ಯಾವ ಪ್ರಶಸ್ತಿ?

ತುಮಕೂರು, ಭಾನುವಾರ, 25 ಮೇ 2025

ನಿನ್ನೆ ಬೆಳಿಗ್ಗೆ, ಚಿತ್ರೋತ್ಸವದ ಕೊನೆಯ ದಿನ, ಫ್ರಾನ್ಸಿನ ಕಾನ್ ಊರಿಗೆ ಊರೇ ಕರೆಂಟಿಲ್ಲದೆ ಕೂತಿತ್ತಂತೆ. ನಮ್ಮ ಕಡೆಯವರಿಗೆ ಇದೇನು ಸುದ್ದಿಯಲ್ಲ, ಬಿಡಿ. ಉತ್ಸವ ಭವನಕ್ಕೆ ಬೇರೆ ವಿದ್ಯುತ್ ವ್ಯವಸ್ಥೆ ಇದ್ದದ್ದರಿಂದ ಸಮಾರೋಪ ನಿಲ್ಲಲಿಲ್ಲ. ಅಲ್ಲಿನ ಮೊದಲ ಬಹುಮಾನ ಪಾಮ್ ದೋರ್ ಸಿಕ್ಕಿದ್ದು ಇರಾನಿನ ನಿರ್ದೇಶಕ ಜಾಫರ್ ಪನಾಹಿಗೆ, ಸರ್ಕಾರದ ಅನುಮತಿ ಇಲ್ಲದೆ ಗುಟ್ಟಾಗಿ ತೆಗೆದ ‘ಇಟ್ ವಾಸ್ ಜಸ್ಟ್ ಆ್ಯನ್ ಆ್ಯಕ್ಸಿಡೆಂಟ್’ ಚಿತ್ರಕ್ಕೆ. 2000ದಲ್ಲಿ ವೆನಿಸ್, 2015ರಲ್ಲಿ ಬರ್ಲಿನ್, ಈಗ ಕಾನ್. ಮೂರೂ ಕಡೆಯ ಮೊದಲ ಬಹುಮಾನ ಒಬ್ಬರ ಕೈಸೇರಿತು.

ಇನ್ನು ‘ಕಾನ್ ವಿಜೇತ’ ಎಂಬ ಪೋಸ್ಟರುಗಳ ಸುಗ್ಗಿ. ಎಲೆಗಳ ಚಿಹ್ನೆ ಕಂಡಕೂಡಲೇ ಒಳಗಿನ ಅಕ್ಷರ ಓದಬೇಕು. ‘ಅಫಿಷಿಯಲ್ ಸೆಲೆಕ್ಷನ್’ ಎಂದಷ್ಟೇ ಇದ್ದರೆ ಚಿತ್ರ ಆಯ್ಕೆಯಾಗಿದೆ, ಗೆದ್ದಿಲ್ಲ. ಈ ವರ್ಷ ನೀರಜ್ ಘೇವಾನ್ ಅವರ ‘ಹೋಮ್‌ಬೌಂಡ್’ ಹಾಗೆಯೇ: ಮುಖ್ಯ ಸ್ಪರ್ಧೆಯ ಜೊತೆಗೇ ನಡೆಯುವ ಅನ್ ಸರ್ಟನ್ ರಿಗಾರ್ಡ್ ವಿಭಾಗದಲ್ಲಿತ್ತು, ಬಹುಮಾನ ಬರಲಿಲ್ಲ. ಆ ವಿಭಾಗಕ್ಕೆ ತೀರ್ಪುಗಾರರೇ ಬೇರೆ, ಪಾಮ್ ದೋರ್‌ಗೂ ಅದಕ್ಕೂ ಸಂಬಂಧವಿಲ್ಲ. ಕ್ಯಾಮೆರಾ ದೋರ್ ನಿರ್ದೇಶಕರ ಮೊದಲ ಚಿತ್ರಕ್ಕೆ. ಉತ್ಸವದ ಜೊತೆಜೊತೆಗೆ ಬೇರೆ ಸಂಸ್ಥೆಗಳು ನಡೆಸುವ ಸಮಾನಾಂತರ ವಿಭಾಗಗಳ ಚಿತ್ರಗಳಿಗೂ ಸಿಗುತ್ತದೆ. ಈ ಸಲ ಇರಾಕಿನ ‘ದಿ ಪ್ರೆಸಿಡೆಂಟ್ಸ್ ಕೇಕ್’ ಪಡೆದದ್ದು ಹಾಗೆ.

ಹೆಚ್ಚು ಜನ ಎಡವುವುದು ಗ್ರ್ಯಾನ್ ಪ್ರಿಯಲ್ಲಿ. ಹೆಸರು ದೊಡ್ಡದು, ಸ್ಥಾನ ಎರಡನೆಯದು. ಈ ವರ್ಷ ‘ಸೆಂಟಿಮೆಂಟಲ್ ವ್ಯಾಲ್ಯೂ’ಗೆ, ಹೋದ ವರ್ಷ ಪಾಯಲ್ ಕಪಾಡಿಯಾ ಅವರ ಚಿತ್ರಕ್ಕೆ ಬಂದದ್ದು ಅದೇ. ಆದರೆ 1946ರಲ್ಲಿ ಪಾಮ್ ದೋರ್ ಹುಟ್ಟಿರಲೇ ಇಲ್ಲ, ಅದು ಬಂದದ್ದು 1955ರಲ್ಲಿ. ಆಗ ಗ್ರ್ಯಾನ್ ಪ್ರಿಯೇ ಮೊದಲ ಬಹುಮಾನ, ಅದನ್ನು ಭಾರತದ ‘ನೀಚಾ ನಗರ್’ ಬೇರೆ ಹತ್ತು ಚಿತ್ರಗಳ ಜೊತೆ ಹಂಚಿಕೊಂಡಿತ್ತು. ಆಗಿನ ಗ್ರ್ಯಾನ್ ಪ್ರಿ, ಈಗಿನ ಗ್ರ್ಯಾನ್ ಪ್ರಿ ಎರಡನ್ನೂ ಒಂದೇ ತಕ್ಕಡಿಗೆ ಹಾಕಿ ಬರೆಯುವವರಿಗೆ ಇದು ಹೊಳೆಯುವುದೇ ಇಲ್ಲ.

ಕನ್ನಡದ ಲೆಕ್ಕಕ್ಕೆ ಲಾ ಸಿನೆಫ್ ನೆನಪಿಡಿ. ಅದು ಸಿನಿಮಾ ಶಾಲೆಗಳ ವಿದ್ಯಾರ್ಥಿಗಳ ವಿಭಾಗ. 2024ರಲ್ಲಿ ಚಿದಾನಂದ ಎಸ್. ನಾಯ್ಕ್ ಅವರ 16 ನಿಮಿಷದ ಕನ್ನಡ ಚಿತ್ರಕ್ಕೆ ಮೊದಲ ಸ್ಥಾನ, 15,000 ಯೂರೋ. ಕೋಳಿ ಕದ್ದು ಊರಿಗೆ ಬೆಳಗಾಗದಂತೆ ಮಾಡಿದ ಅಜ್ಜಿಯ ಕಥೆ. ಇದನ್ನು ಪಾಮ್ ದೋರ್ ಎಂದು ಹೊಗಳಬೇಕಾಗಿಲ್ಲ, ಇರುವ ಹೆಸರಿನಲ್ಲೇ ಸಾಕಷ್ಟು ತೂಕವಿದೆ.

ಗೆದ್ದ ಚಿತ್ರಗಳು ನಮಗೆ ಹತ್ತಿರದಲ್ಲಿ ಸಿಗುವುದು ಬೆಂಗಳೂರು ಚಿತ್ರೋತ್ಸವದಲ್ಲಿ. ಪಾಸ್ ಇದ್ದ ಮಾತ್ರಕ್ಕೆ ಸೀಟು ಖಾತ್ರಿಯಿಲ್ಲ, ಮೊದಲು ಬಂದವರಿಗೆ ಮೊದಲು. ಕಾನ್ ಚಿತ್ರವಾದರೆ ಒಂದು ಗಂಟೆ ಮುಂಚೆ ಸಾಲಿನಲ್ಲಿರಿ. ಕೊನೆಯ ಆಟ ಮುಗಿಯುವಷ್ಟರಲ್ಲಿ ರೈಲು ತಪ್ಪಿದರೆ ಮೆಟ್ರೊದಲ್ಲಿ ಗೊರಗುಂಟೆಪಾಳ್ಯಕ್ಕೆ ಬನ್ನಿ, ತುಮಕೂರು ಬಸ್ಸುಗಳು ಅಲ್ಲೇ ಹಾಯುತ್ತವೆ.